ರಾವ್‌ಜಿ ಕಂಡ ಡೊಂಕು

ಮದರಾಸಿನ ತಮಿಳರಿಗೆ ಮಾಧ್ವರೆಲ್ಲ ರಾವ್‌ಜಿಗಳೇ. ಅಪ್ಪ ಅಮ್ಮ ಎಷ್ಟೇ ಯೋಚನೆ ಮಾಡಿ ಹೆಸರಿಟ್ಟಿರಲಿ, ಬೀದಿಗೆ ಬಂದರೆ ರಾವ್‌ಜಿ ಅಷ್ಟೇ. ನಮ್ಮ ಆಫೀಸಿನ ರಾವ್‌ಜಿಯ ನಿಜವಾದ ಹೆಸರು ತಿರುಮಲೇಶ. ಆ ಹೆಸರು ಹಿಡಿದು ಕೂಗುತ್ತಿದ್ದವರು ಅವರ ತಾಯಿ ಅಂಬುಜಮ್ಮ ಒಬ್ಬರೇ. ತಾಯಿ ಮಗ ಇಬ್ಬರೂ ತಿರುವಲ್ಲಿಕ್ಕೇಣಿಯ ಒಂದು ಹಳೆಯ ವಠಾರದಲ್ಲಿದ್ದರು. ಮೂರು ತಲೆಮಾರಿನಿಂದ ಅದೇ ಬೀದಿ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ, "ಜಾತಕ ಕೂಡಿ ಬರ್ಲಿಲ್ಲಮ್ಮಾ, ಕೂಡಿ ಬಂದಾಗ ನಾನು ಸ್ಕ್ರೀನ್ ಮುಂದೆ ಇದ್ದೆ" ಎನ್ನುತ್ತಿದ್ದರು.

ನನ್ನ ಹೆಸರು ವಾಸಂತಿ. ನಮ್ಮದು ಅರಸೀಕೆರೆ ಕಡೆ. ಅಪ್ಪನಿಗೆ ರೈಲ್ವೆ ಕೆಲಸ ಎಂದು ಪೆರಂಬೂರಿಗೆ ಬಂದು ಬೇರೂರಿದವರು. ರಾವ್‌ಜಿಯ ಕನ್ನಡ ಕೇಳಿ ಮೊದಮೊದಲು ನನಗೆ ನಗು ತಡೆಯಲು ಆಗುತ್ತಿರಲಿಲ್ಲ. "ಸೀಕ್ರ ಬಾ", "ಸುಮ್ಮಾ ಕೇಳ್ದೆ", "ಪರವಾಯಿಲ್ಲೆ ಬಿಡು" ಎಂದು ಅರ್ಧ ತಮಿಳನ್ನೇ ಬಡಿಸುತ್ತಿದ್ದರು. ಅವರಿಗೋ ನನ್ನ ಕನ್ನಡ ಕೇಳಿ ನಗು. "ರೇಡಿಯೋದಲ್ಲಿ ವಾರ್ತೆ ಓದೋ ಹಂಗೆ ಮಾತಾಡ್ತೀಯಲ್ಲ" ಎಂದು ಆಡಿಕೊಳ್ಳುತ್ತಿದ್ದರು. ಇಡೀ ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ ಆದದ್ದರಿಂದ ಒಬ್ಬರ ಕನ್ನಡವನ್ನು ಇನ್ನೊಬ್ಬರು ಸಹಿಸಿಕೊಂಡೆವು.

ಆಫೀಸು ಪೆರುಂಗುಡಿಯಲ್ಲಿತ್ತು. ನಾನು ಹೇಳುತ್ತಿರುವುದು 2003ರ ಮಾತು. ಗಾಜಿನ ಕಟ್ಟಡಗಳು ಆಗಷ್ಟೇ ಏಳುತ್ತಿದ್ದವು. ಎರಡು ಕಟ್ಟಡಗಳ ನಡುವಿನ ಜೌಗಿನಲ್ಲಿ ಎಮ್ಮೆಗಳು ಮಲಗಿರುತ್ತಿದ್ದವು. ಔಷಧಿ ಕಂಪನಿಗಳವರು, ಕಾಲೇಜಿನ ಪ್ರಯೋಗಾಲಯದವರು ಅಣುಗಳ ರಚನೆಯನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ನೋಡುವ ಒಂದು ಸಾಫ್ಟ್‌ವೇರನ್ನು ನಮ್ಮ ಕಂಪನಿ ಮಾರುತ್ತಿತ್ತು. ಅದನ್ನು ತಯಾರಿಸಿದವರು ಎಲ್ಲೋ ದೂರದೇಶದವರು. ಮಾರಿದ ಮೇಲೆ ಹುಟ್ಟುವ ತಾಪತ್ರಯಗಳು ಮಾತ್ರ ನಮ್ಮವು. ತಾಪತ್ರಯವೆಂದರೆ ಬಹುಮಟ್ಟಿಗೆ ಚಿತ್ರದ್ದೇ. ಅಣು ಬರಬೇಕಾದ ಜಾಗದಲ್ಲಿ ಕಪ್ಪು ಚೌಕ ಬರುತ್ತಿತ್ತು. ಹಿಂದೆ ಇರಬೇಕಾದ ಪರಮಾಣು ಮುಂದೆ ಬಂದು ಕೂರುತ್ತಿತ್ತು. ಸ್ವಲ್ಪ ತಿರುಗಿಸಿದರೆ ಸಾಕು, ಇಡೀ ಚಿತ್ರ ಹರಿದು ಚಿಂದಿಯಾಗುತ್ತಿತ್ತು. ಇಂಥ ದೂರು ಬಂದಾಗಲೆಲ್ಲ ಫೋನು ರಾವ್‌ಜಿಯ ಮೇಜಿಗೆ ಹೋಗುತ್ತಿತ್ತು.

ಅವರು ಬಿ.ಎಸ್ಸಿ. ಓದಿದವರು. ಟಿ.ವಿ. ಹೊಸದಾಗಿ ಮನೆಮನೆಗೆ ಬರುತ್ತಿದ್ದ ಕಾಲದಲ್ಲಿ ಒಂದು ರಿಪೇರಿ ಅಂಗಡಿ ಸೇರಿ, ಅಲ್ಲಿಂದ ಮಾನಿಟರ್ ರಿಪೇರಿಗೆ ಬಂದು, ಅಲ್ಲಿಂದ ನಮ್ಮಲ್ಲಿಗೆ ಬಂದವರು. ರಿಪೇರಿ ಅಂಗಡಿಯ ಒಂದು ಅಭ್ಯಾಸ ಅವರಲ್ಲಿ ಹಾಗೇ ಉಳಿದಿತ್ತು. ಯಾವ ಪರದೆಯ ಮುಂದೆ ಕುಳಿತರೂ ಮೊದಲು ಎಡಗಣ್ಣು ಮುಚ್ಚಿ ಬಲಗಣ್ಣೊಂದರಿಂದಲೇ ನೋಡುವುದು. ಬಡಗಿ ಹಲಗೆಯ ಅಂಚು ನೋಡುತ್ತಾನಲ್ಲ, ಹಾಗೆ. "ಎರಡು ಕಣ್ಣು ಒಂದಕ್ಕೊಂದು ಸಮಾಧಾನ ಹೇಳ್ಕೋತವೆ, ತಪ್ಪು ಕಾಣ್ಸಲ್ಲ. ಒಂದರಲ್ಲಿ ನೋಡು" ಎಂದು ನನಗೂ ಕಲಿಸಲು ನೋಡಿದರು. ನನಗೆ ಒಂದು ಕಣ್ಣು ಮುಚ್ಚಿದರೆ ಇನ್ನೊಂದೂ ಮುಚ್ಚಿಕೊಳ್ಳುತ್ತಿತ್ತು.

ಕೆಲಸದಲ್ಲಿ ಅವರ ಕಣ್ಣಿಗಿದ್ದ ಹೆಸರು ಸುಮ್ಮನೆ ಬಂದದ್ದಲ್ಲ. ಒಮ್ಮೆ ಎಣ್ಣೂರಿನ ಕಡೆಯ ಒಂದು ಪ್ರಯೋಗಾಲಯದಲ್ಲಿ ಅಣುವಿನ ಚಿತ್ರ ಚಳಿಜ್ವರ ಬಂದ ಹಾಗೆ ನಡುಗುತ್ತದೆ ಎಂದು ದೂರು ಬಂತು. ಸಾಫ್ಟ್‌ವೇರನ್ನು ಅಳಿಸಿ ಮತ್ತೆ ಮತ್ತೆ ಹಾಕಿ ನಾನೂ ಸುಸ್ತಾಗಿದ್ದೆ, ಅಲ್ಲಿಯವರೂ ಸುಸ್ತಾಗಿದ್ದರು. ರಾವ್‌ಜಿ ಹೋಗಿ ಕುಳಿತು, ಒಂದು ಕಣ್ಣು ಮುಚ್ಚಿ ನೋಡಿ, ಗೋಡೆಯ ಆಚೆ ಏನಿದೆ ಎಂದು ಕೇಳಿದರು. ಆಚೆ ಟ್ರಾನ್ಸ್‌ಫಾರ್ಮರ್ ಇತ್ತು. ದೊಡ್ಡ ಕರೆಂಟಿನ ಅಯಸ್ಕಾಂತದ ಸೆಳೆತಕ್ಕೆ ಆ ಕಾಲದ ಗಾಜಿನ ಟ್ಯೂಬಿನ ಮಾನಿಟರುಗಳಲ್ಲಿ ಚಿತ್ರ ಅಲುಗುತ್ತದೆ. ಮೇಜನ್ನು ಎದುರಿನ ಗೋಡೆಗೆ ಸರಿಸಿದೆವು, ನಡುಕ ನಿಂತಿತು. ಅವತ್ತು ವಾಪಸು ಬರುವಾಗ ರೈಲಿನಲ್ಲಿ ಅವರು ಎಲ್ಲರಿಗೂ ಕೇಳುವ ಹಾಗೆ ಸೀಟಿ ಹೊಡೆಯುತ್ತಿದ್ದರು. ಸ್ವಲ್ಪ ಜಂಬ ಇತ್ತು ಮನುಷ್ಯನಿಗೆ. ಇಲ್ಲ ಎಂದರೆ ಸುಳ್ಳಾಗುತ್ತದೆ.

ವರ್ಷದಲ್ಲಿ ನಮಗೆ ಅತಿ ಹೆಚ್ಚು ಫೋನು ಬರುತ್ತಿದ್ದುದು ಆಯುಧಪೂಜೆ ಕಳೆದ ಮೇಲೆ. ತಮಿಳುನಾಡಿನಲ್ಲಿ ಆಯುಧಪೂಜೆ ಎಂದರೆ ಲಾರಿ, ಲೇತುಗಳಿಗೆ ಮಾತ್ರವಲ್ಲ, ಕಂಪ್ಯೂಟರಿಗೂ ಮಾಡಲೇಬೇಕು. ಹಿಂದಿನ ದಿನ ಎಲ್ಲ ತಂತಿ ಕಿತ್ತು, ಧೂಳು ಹೊಡೆದು, ಒರೆಸಿ, ಗಂಧ ಕುಂಕುಮ ಹಚ್ಚಿ, ಪುರಿ ಕಡಲೆ ಹಂಚಿ, ಬಾಗಿಲಲ್ಲಿ ಬೂದುಗುಂಬಳ ಒಡೆಯುತ್ತಾರೆ. ಪೂಜೆಯ ದಿನ ಯಾವ ಯಂತ್ರವನ್ನೂ ಮುಟ್ಟುವ ಹಾಗಿಲ್ಲ. ವಿಜಯದಶಮಿಯ ದಿನ ಮತ್ತೆ ತಂತಿ ಸಿಕ್ಕಿಸಿ ಶುರು ಮಾಡಿದಾಗ ನಮ್ಮ ಫೋನು ಬಡಿದುಕೊಳ್ಳುತ್ತಿತ್ತು. ಅಣು ತಿರುಗುತ್ತಿಲ್ಲ, ಚಿತ್ರ ಆಮೆಯ ಹಾಗೆ ತೆವಳುತ್ತಿದೆ. ಆಗಿರುತ್ತಿದ್ದುದು ಇಷ್ಟೇ: ಕಂಪ್ಯೂಟರಿನ ಹಿಂಭಾಗದಲ್ಲಿ ಮಾನಿಟರಿನ ತಂತಿ ಸಿಕ್ಕಿಸಲು ಒಂದೇ ಥರದ ಎರಡು ತೂತುಗಳು ಇರುತ್ತವೆ. ಒಂದು ದುಬಾರಿ ಗ್ರಾಫಿಕ್ಸ್ ಕಾರ್ಡಿನದು, ಇನ್ನೊಂದು ಮಾಮೂಲಿನದು. ಒರೆಸಿದವರು ಮಾಮೂಲಿಗೆ ಸಿಕ್ಕಿಸಿರುತ್ತಿದ್ದರು. "ಪೂಜೆ ಮಾಡಿದ್ರಾ? ಹಿಂದ್ಗಡೆ ತಂತಿ ಕೆಳಗಿನ ತೂತಿಗೆ ಹಾಕಿ" ಎಂದು ರಾವ್‌ಜಿ ಪೂರ್ತಿ ದೂರು ಕೇಳುವ ಮೊದಲೇ ಪರಿಹಾರ ಹೇಳುತ್ತಿದ್ದರು. ನೂರಕ್ಕೆ ತೊಂಬತ್ತು ಸಲ ಅದೇ ಆಗಿರುತ್ತಿತ್ತು.

ಆ ವರ್ಷ ನಮ್ಮ ಆಫೀಸಿನಲ್ಲಿ ಒರೆಸಿದವಳು ಅಂಜಲೈ. ಕಂಟ್ರಾಕ್ಟರನ ಕಡೆಯಿಂದ ಗುಡಿಸಿ ಒರೆಸಲು ಬರುತ್ತಿದ್ದ ಹೆಂಗಸು. ಮನೆ ಅಲ್ಲೇ ಹತ್ತಿರ, ಕಂದಂಚಾವಡಿ. ಗಂಡ ಇಲ್ಲ. ಸ್ಕೂಲಿಗೆ ಹೋಗುವ ಮಗಳು ಇದ್ದಳು. ನನಗಿಂತ ಹಿರಿಯಳೆಂದು ನಾನು ಅಕ್ಕಾ ಎನ್ನುತ್ತಿದ್ದೆ. ಮಾತು ಕಡಿಮೆ, ಆಡಿದರೆ ನೇರ. ಅವಳಿಗೆ ಬರುತ್ತಿದ್ದುದು ತಮಿಳೊಂದೇ, ಅದನ್ನು ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ರಾವ್‌ಜಿಗೂ ಅವಳಿಗೂ ಬೆಳಿಗ್ಗೆ ಒಂದು ಮಾತುಕತೆ ತಪ್ಪುತ್ತಿರಲಿಲ್ಲ. ಎಲ್ಲರಿಗಿಂತ ಮುಂಚೆ ಆಫೀಸಿಗೆ ಬರುತ್ತಿದ್ದವರು ಅವರಿಬ್ಬರೇ.

ವಿಜಯದಶಮಿಯ ಬೆಳಿಗ್ಗೆ ಗಿರಾಕಿಗಳಿಗೆ ತೋರಿಸಲೆಂದು ಇಟ್ಟಿದ್ದ ದೊಡ್ಡ ಮಾನಿಟರನ್ನು ರಾವ್‌ಜಿ ಶಾಸ್ತ್ರಕ್ಕೆ ಹಚ್ಚಿದರು. ಅಣುವಿನ ಸುತ್ತ ನಮ್ಮ ಸಾಫ್ಟ್‌ವೇರು ತೆಳುವಾದ ಗೆರೆಗಳ ಒಂದು ಪೆಟ್ಟಿಗೆ ಬರೆಯುತ್ತದೆ. ಎಡಗಣ್ಣು ಮುಚ್ಚಿ ನೋಡಿದವರು ಹಾಗೇ ಕುಳಿತುಬಿಟ್ಟರು. ಪೆಟ್ಟಿಗೆಯ ಗೆರೆ ನಡುವೆ ಡೊಂಕಾಗಿದೆ ಎಂದರು. ನಾನು ಹೋಗಿ ನೋಡಿದೆ. ನನಗೆ ನೆಟ್ಟಗೆ ಕಂಡಿತು. ಹಾಗೆಂದು ಹೇಳಿದೆ ಕೂಡ.

"ನಿನ್ ಕಣ್ಣು ಇನ್ನೂ ಪಳಗಿಲ್ಲಮ್ಮಾ" ಎಂದರು ರಾವ್‌ಜಿ.

ಮ್ಯಾನೇಜರ್ ವಿಘ್ನೇಶ್ ಬಂದ. ವಯಸ್ಸಿನಲ್ಲಿ ರಾವ್‌ಜಿಗಿಂತ ಚಿಕ್ಕವನು, ಅವರ ಮೇಲೆ ಭಕ್ತಿ ಇದ್ದವನು. ಕುತ್ತಿಗೆ ಓರೆ ಮಾಡಿ, ಕಣ್ಣು ಕಿರಿದು ಮಾಡಿ, "ಹೌದು, ಸ್ವಲ್ಪ ಡೊಂಕಿದೆ" ಎಂದ. ಅವನ ಹಿಂದೆ ನಿಂತವರಿಗೆಲ್ಲ ಡೊಂಕು ಕಾಣತೊಡಗಿತು. ಒಬ್ಬ ಎಡಕ್ಕೆ ಎಂದ, ಇನ್ನೊಬ್ಬ ಬಲಕ್ಕೆ ಎಂದ. ಅಷ್ಟು ಜನರಿಗೆ ಕಂಡದ್ದು ನನಗೆ ಕಾಣದಿದ್ದರೆ ನನ್ನ ಕಣ್ಣೇ ಮೋಸವೇನೋ ಎನ್ನಿಸಿ ಸುಮ್ಮನಾದೆ.

ಬೇರೆ ಯಾವ ದಿನವಾದರೂ ರಾವ್‌ಜಿ ಹತ್ತು ಪರೀಕ್ಷೆ ಮಾಡುತ್ತಿದ್ದರು. ತಂತಿ ಬದಲಿಸಿ, ಮಾನಿಟರನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಬೇರೆ ಚಿತ್ರ ತಂದು ನೋಡುತ್ತಿದ್ದರು. ಆದರೆ ಅದು ಆಯುಧಪೂಜೆಯ ಮರುದಿನ. ಒರೆಸಿದವರದೇ ತಪ್ಪು ಎಂದು ಇಷ್ಟು ವರ್ಷ ನೂರಾರು ಜನರಿಗೆ ಫೋನಿನಲ್ಲಿ ಹೇಳಿದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. "ಮೇಲೆ ಗಾಳಿ ಆಡೋ ತೂತುಗಳಿವೆಯಲ್ಲ, ಒದ್ದೆ ಬಟ್ಟೆ ಹಾಕಿ ಒರೆಸಿದಾಳೆ. ನೀರು ಒಳಗಿಳಿದು ಚಿತ್ರ ಎಳೆಯೋ ಕಾಯಿಲ್‌ಗೆ ಹೋಗಿದೆ" ಎಂದರು. ಬೈದು ಹೇಳಿದ್ದಲ್ಲ. ರೋಗದ ಹೆಸರು ಹೇಳುವ ಹಾಗೆ ಹೇಳಿದ್ದು.

ವಿಘ್ನೇಶ್ ಅಂಜಲೈಯನ್ನು ಕರೆಸಿದ. ಅವಳು ಒಣ ಬಟ್ಟೆಯಲ್ಲೇ ಒರೆಸಿದ್ದು, ಮಿಷನ್ನಿಗೆ ನೀರು ಆಗದು ಎಂದು ತನಗೆ ಗೊತ್ತು ಎಂದಳು. ಇನ್ನೊಮ್ಮೆ ಕೇಳಿದ. ಇನ್ನೊಮ್ಮೆ ಅದನ್ನೇ ಹೇಳಿದಳು. ಆಮೇಲೆ ರಾವ್‌ಜಿಯ ಕಡೆ ನೋಡಿ, "ನೀವು ಹೇಳಿ ಸಾರ್. ನಾನು ಒರೆಸುವಾಗ ನೀವು ಅಲ್ಲೇ ಇದ್ದಿರಲ್ಲ" ಎಂದಳು. ರಾವ್‌ಜಿ ಅಲ್ಲೇ ಇದ್ದದ್ದು ನಿಜ. ಪೇಪರು ಓದುತ್ತಿದ್ದರಂತೆ. "ನಾನು ಗಮನಿಸಲಿಲ್ಲ" ಎಂದರು. ಮರುದಿನದಿಂದ ಕಂಟ್ರಾಕ್ಟರ್ ಬೇರೆ ಹೆಂಗಸನ್ನು ಕಳಿಸಿದ.

ಅಂಥ ದೊಡ್ಡ ಗಾಜಿನ ಮಾನಿಟರುಗಳ ಕಾಲ ಮುಗಿಯುತ್ತ ಬಂದಿತ್ತು. ರಿಪೇರಿ ಯಾಕೆ ಎಂದು ವಿಘ್ನೇಶ್ ಒಂದು ಫ್ಲಾಟ್ ಸ್ಕ್ರೀನ್ ತರಿಸಿದ. ಸ್ವಲ್ಪ ದಿನ ಬಿಟ್ಟು ಬಂತು. ಅಲ್ಲಿಯವರೆಗೆ ಹಬ್ಬದ ಫೋನುಗಳ ಗಲಾಟೆಯಲ್ಲಿ ಬೇರೆ ಪರದೆಯನ್ನು ಒಂದು ಕಣ್ಣಿನಿಂದ ನೋಡಲು ರಾವ್‌ಜಿಗೆ ಪುರುಸೊತ್ತಿರಲಿಲ್ಲ. ಹಳೆಯದು ಸ್ಟೋರ್ ರೂಮಿಗೆ ಹೋಯಿತು. ಹೊಸದನ್ನು ಮೇಜಿನ ಮೇಲಿಟ್ಟು ರಾವ್‌ಜಿ ಅದೇ ಅಣುವನ್ನು ತೆರೆದರು. ನನ್ನ ಮೇಜು ಪಕ್ಕದ್ದೇ ಆದ್ದರಿಂದ ನಾನು ನೋಡುತ್ತಿದ್ದೆ. ಎಡಗಣ್ಣು ಮುಚ್ಚಿದರು. ಸ್ವಲ್ಪ ಹೊತ್ತು ಕಳೆಯಿತು. ಎಡಗಣ್ಣು ತೆರೆದು ಬಲಗಣ್ಣು ಮುಚ್ಚಿದರು. ಅವರು ಹಾಗೆ ಮಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮತ್ತೆ ಎಡ, ಮತ್ತೆ ಬಲ. ಆಮೇಲೆ ಎದ್ದು ಕಿಟಕಿಯ ಹತ್ತಿರ ಹೋಗಿ ಸರಳುಗಳನ್ನು ಹಾಗೆಯೇ ಒಂದೊಂದು ಕಣ್ಣಿನಿಂದ ನೋಡಿದರು. ವಾಪಸು ಬಂದು ಕುಳಿತಾಗ ಮುಖ ಬಿಳಿಚಿಕೊಂಡಿತ್ತು.

ಫ್ಲಾಟ್ ಸ್ಕ್ರೀನಿನ ವಿಷಯ ನನಗೆ ಕಲಿಸಿದವರು ಅವರೇ. ಟ್ಯೂಬಿನ ಮಾನಿಟರಿನಲ್ಲಿ ಚಿತ್ರವನ್ನು ಅಯಸ್ಕಾಂತ ಎಳೆದು ಬರೆಯುತ್ತದೆ, ಆದ್ದರಿಂದ ಗೆರೆ ಡೊಂಕಾಗಬಹುದು. ಫ್ಲಾಟ್ ಸ್ಕ್ರೀನಿನಲ್ಲಿ ಚಿತ್ರದ ಚುಕ್ಕೆಗಳನ್ನು ನೆಲಕ್ಕೆ ಹಾಸಿದ ಟೈಲ್ಸಿನಂತೆ ಜೋಡಿಸಿಬಿಟ್ಟಿರುತ್ತಾರೆ. ಚುಕ್ಕೆ ಸಾಯಬಹುದು, ಬಣ್ಣ ಕೆಡಬಹುದು, ಆದರೆ ನೆಟ್ಟನೆಯ ಗೆರೆ ನಡುವೆ ಡೊಂಕಾಗಿ ನಿಲ್ಲುವುದು ಸಾಧ್ಯವೇ ಇಲ್ಲ.

"ಏನಾಯ್ತು ರಾವ್‌ಜಿ?" ಎಂದೆ.

"ಈ ಗೆರೆ ನೋಡು. ಡೊಂಕಿದೆಯಾ?"

"ಇಲ್ಲ. ನೆಟ್ಟಗಿದೆ."

"ಅವತ್ತು?"

"ಅವತ್ತೂ ನೆಟ್ಟಗೇ ಇತ್ತು. ನಾನು ಹೇಳಿದ್ನಲ್ಲ."

ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ವಿಘ್ನೇಶ್ ಬಂದು ಅವರ ಹೆಗಲ ಮೇಲೆ ಕೈಯಿಟ್ಟು, "ಹೇಗಿದೆ ರಾವ್‌ಜಿ ಹೊಸದು? ಈಗ ಸರಿ ಹೋಯ್ತಾ?" ಎಂದ.

"ಚೆನ್ನಾಗಿದೆ" ಎಂದರು ರಾವ್‌ಜಿ.

ನನಗೆ ಕೋಪ ಬೇಗ ಬರುತ್ತದೆ, ಮನೆಯವರೆಲ್ಲ ಹೇಳುವ ಮಾತು. ವಿಘ್ನೇಶ್ ಆ ಕಡೆ ಹೋಗುವುದನ್ನೇ ಕಾದು ಅವರನ್ನು ಊಟದ ಕೋಣೆಗೆ ಕರೆದುಕೊಂಡು ಹೋದೆ. ಅಲ್ಲಿ ಯಾರೂ ಇರಲಿಲ್ಲ.

"ಅಂಜಲಕ್ಕನ ಗತಿ ಏನು?" ಎಂದೆ.

"ಗೊತ್ತು."

"ಗೊತ್ತಿದ್ದೂ ಚೆನ್ನಾಗಿದೆ ಅಂದ್ರಲ್ಲ."

"ಮತ್ತೇನು ಅನ್ಲಿ ವಾಸಂತಿ? ಕಣ್ಣು ಕೆಟ್ಟಿದೆ ಅಂತ ಹೇಳ್ಲಾ? ಇಲ್ಲಿ ನನ್ನ ಇಟ್ಕೊಂಡಿರೋದೇ ಈ ಕಣ್ಣಿಗೆ. ಇದು ಹೋದ್ರೆ ರಾವ್‌ಜಿ ಯಾರಿಗೆ ಬೇಕು? ಅಮ್ಮನ್ನ ಯಾರು ನೋಡ್ಕೋತಾರೆ? ಮೊದ್ಲು ಡಾಕ್ಟರ್ ಹತ್ರ ಹೋಗ್ತೀನಿ. ಸುಮ್ಮಾ ಏನೋ ಇರ್ಬಹುದು. ಅಲ್ಲೀವರ್ಗೂ ಯಾರಿಗೂ ಹೇಳ್ಬೇಡ."

ಹೊಟ್ಟೆಪಾಡಿನ ಭಯ ಎಂಥದೆಂದು ನನಗೂ ಗೊತ್ತಿತ್ತು. ಆದರೆ ಅದೇ ಭಯದಲ್ಲಿ ಇನ್ನೊಬ್ಬಳು ಆಗಲೇ ಬೀದಿಯಲ್ಲಿದ್ದಾಳೆ ಎನ್ನುವುದು ನೆನಪಾಗಿ ನನ್ನ ಕೋಪ ಇಳಿಯಲಿಲ್ಲ. ಡಾಕ್ಟರನ್ನು ನೋಡಿ ಬನ್ನಿ, ಆಮೇಲೆ ನೀವು ಹೇಳದಿದ್ದರೆ ನಾನು ಹೇಳುತ್ತೇನೆ ಎಂದೆ. ಅವರು ತಲೆಯಾಡಿಸಿದರು.

ಎಗ್ಮೋರಿನ ಕಣ್ಣಾಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಕಣ್ಣಿಗೆ ಔಷಧಿ ಬಿಟ್ಟುಕೊಂಡು ಬೆಂಚಿನ ಮೇಲೆ ಕುಳಿತು ಸರದಿ ಕಾದರು. ಒಳಗೆ ಡಾಕ್ಟರಮ್ಮ ಅವರ ಎಡಗಣ್ಣು ಮುಚ್ಚಿಸಿ, ಚೌಕಳಿ ಗೆರೆಗಳಿರುವ ಒಂದು ಕಾಗದ ಕೊಟ್ಟು, ಏನು ಕಾಣುತ್ತದೆ ಹೇಳಿ ಎಂದರು. ಇಷ್ಟು ವರ್ಷ ಬೇರೆಯವರನ್ನು ಹೀಗೆ ಕೇಳುತ್ತಿದ್ದವರು ಈಗ ತಾವೇ ಹೇಳಬೇಕಾಯಿತು. "ನಡುವೆ ಗೆರೆಗಳೆಲ್ಲ ಒಳಗೆ ಜಗ್ಗಿವೆ" ಎಂದರು. ಕಣ್ಣಿನ ಹಿಂಭಾಗದ ಪೊರೆಯಲ್ಲಿ, ನೋಟ ಕೂಡುವ ಜಾಗದಲ್ಲಿ, ಒಂದು ಸಣ್ಣ ತೂತು ಬಿದ್ದಿದೆಯೆಂದು ಡಾಕ್ಟರಮ್ಮ ತಿಳಿಸಿದರು. ಕೆಲವು ತಿಂಗಳಿಂದ ತೆಳುವಾಗುತ್ತ ಬಂದು ಈಚೆಗಷ್ಟೇ ತೂತಾಗಿರಬೇಕು, ಎರಡೂ ಕಣ್ಣು ತೆರೆದಿದ್ದಾಗ ಎಡಗಣ್ಣು ಸರಿದೂಗಿಸಿಕೊಂಡು ಹೋಗಿದೆ ಎಂದರು. ಆಪರೇಷನ್ ಮಾಡಬಹುದು, ಆದರೆ ನೋಟ ಪೂರ್ತಿ ಬರುತ್ತದೆ ಎಂದು ಮಾತು ಕೊಡುವ ಹಾಗಿಲ್ಲ ಎಂದೂ ಹೇಳಿದರು.

ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತೆವು. ತಿರುವಲ್ಲಿಕ್ಕೇಣಿಯ ಬಸ್ಸು ಬಂತು, ಅವರು ಹತ್ತಲಿಲ್ಲ. "ಕಂದಂಚಾವಡಿಗೆ ಹೋಗೋಣ, ಮೊದ್ಲು ಅವ್ಳಿಗೆ ಹೇಳ್ಬೇಕು" ಎಂದರು. ನನಗೆ ಆ ಕ್ಷಣ ಅವರ ಮೇಲಿದ್ದ ಕೋಪವೆಲ್ಲ ಹೋಯಿತು. ಅಳು ಬಂತು ಎಂದರೂ ತಪ್ಪಿಲ್ಲ.

ಅಂಜಲೈಯ ಮನೆ ಸಿಗಲು ಸ್ವಲ್ಪ ಹುಡುಕಬೇಕಾಯಿತು. ಆ ರಸ್ತೆಯ ಬೇರೆ ಆಫೀಸುಗಳಲ್ಲೂ ಅದೇ ಕಂಟ್ರಾಕ್ಟರನ ಜನರೇ ಇದ್ದುದರಿಂದ, ಮಾನಿಟರ್ ಹಾಳು ಮಾಡಿದವಳು ಎಂದು ಯಾರೂ ಅವಳನ್ನು ಸೇರಿಸಿಕೊಂಡಿರಲಿಲ್ಲ. ಹೊಸ ಕಟ್ಟಡವೊಂದರಲ್ಲಿ ಇಟ್ಟಿಗೆ ಹೊರುತ್ತಿದ್ದಳು. ನಾವು ಹೋದಾಗ ಆಗಷ್ಟೇ ಕೆಲಸದಿಂದ ಬಂದು, ಬಾಗಿಲ ಮುಂದೆ ಬಕೆಟ್ಟಿಟ್ಟುಕೊಂಡು ಕಾಲಿನ ಸಿಮೆಂಟು ತೊಳೆಯುತ್ತಿದ್ದಳು. ನಮ್ಮನ್ನು ನೋಡಿ ಎದ್ದಳು. ಒಳಗೆ ಬನ್ನಿ ಎನ್ನಲಿಲ್ಲ.

ರಾವ್‌ಜಿ ನಿಂತೇ ಹೇಳಿದರು. ಕೆಟ್ಟದ್ದು ಮಾನಿಟರ್ ಅಲ್ಲ, ನನ್ನ ಕಣ್ಣು. ನೀನು ಏನೂ ತಪ್ಪು ಮಾಡಿಲ್ಲ. ಡಾಕ್ಟರು ಹೇಳಿದ್ದಾರೆ. ನನ್ನಿಂದ ದೊಡ್ಡ ತಪ್ಪಾಯಿತು. ಹೇಳುತ್ತ ಹೇಳುತ್ತ ಕೈ ಮುಗಿದರು.

ಅಂಜಲೈ ಕೇಳಿಸಿಕೊಂಡಳು. ಸೆರಗಿನಿಂದ ಕೈ ಒರೆಸಿಕೊಂಡಳು. "ನಾನು ಒಣ ಬಟ್ಟೆಯಲ್ಲೇ ಒರೆಸಿದ್ದು ಅಂತ ನನಗೆ ಮೊದಲೇ ಗೊತ್ತಿತ್ತು ಸಾರ್. ಅದನ್ನ ನನಗೆ ಹೇಳೋಕೆ ಇಷ್ಟು ದೂರ ಬಂದಿರಾ? ಗೊತ್ತಿಲ್ಲದವರು ಆಫೀಸಲ್ಲಿದ್ದಾರೆ" ಎಂದಳು. ಆಮೇಲೆ, ಅದು ಬೇರೆ ಮಾತು ಎನ್ನುವಂತೆ, "ಆಪರೇಷನ್ ಮಾಡಿಸ್ಕೊಳ್ಳಿ" ಎಂದು ಹೇಳಿ ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಸೋಮವಾರದ ಬೆಳಗಿನ ಮೀಟಿಂಗಿಗೆ ಮುಂಚೆ ರಾವ್‌ಜಿ ಮತ್ತು ನಾನು ಹಳೆಯ ಮಾನಿಟರನ್ನು ಸ್ಟೋರ್ ರೂಮಿನಿಂದ ಹೊತ್ತು ತಂದೆವು. ಕಲ್ಲಿನಷ್ಟು ಭಾರ ಅದು. ಹೊಸದರ ಪಕ್ಕಕ್ಕಿಟ್ಟು ರಾವ್‌ಜಿ ಎರಡರಲ್ಲೂ ಒಂದೇ ಅಣು, ಒಂದೇ ಪೆಟ್ಟಿಗೆ ತೆರೆದರು. ಎಲ್ಲರೂ ಸೇರಿದ ಮೇಲೆ ಒಂದು ಸ್ಟೀಲ್ ಸ್ಕೇಲನ್ನು ವಿಘ್ನೇಶನ ಕೈಗೆ ಕೊಟ್ಟು, ಹಳೆಯ ಮಾನಿಟರಿನ ಗೆರೆಗೆ ಹಿಡಿದು ನೋಡು ಎಂದರು. ವಿಘ್ನೇಶ್ ಹಿಡಿದ. ಗೆರೆ ಸ್ಕೇಲಿನ ಅಂಚಿಗೆ ಅಂಟಿಕೊಂಡ ಹಾಗೆ ನಿಂತಿತು.

"ಇದು ಯಾವತ್ತೂ ಕೆಟ್ಟಿರಲಿಲ್ಲ. ಕೆಟ್ಟದ್ದು ನನ್ನ ಬಲಗಣ್ಣು. ಅಂಜಲೈ ಒಣ ಬಟ್ಟೆಯಲ್ಲೇ ಒರೆಸಿದ್ದಳು. ನಾನು ಪರೀಕ್ಷೆ ಮಾಡದೆ ಅವಳ ಮೇಲೆ ಹಾಕಿದೆ" ಎಂದು ರಾವ್‌ಜಿ ಎಲ್ಲರಿಗೂ ಕೇಳುವಂತೆ ತಮಿಳಿನಲ್ಲಿ ಹೇಳಿದರು. ನಡುವೆ ಎಲ್ಲೂ ತಡವರಿಸಲಿಲ್ಲ.

ವಿಘ್ನೇಶ್ ಸ್ಕೇಲು ಹಿಡಿದುಕೊಂಡೇ ಇದ್ದ. "ಆದರೆ ರಾವ್‌ಜಿ, ನಾನೂ ನೋಡಿದ್ದೆನಲ್ಲ. ನನಗೂ ಡೊಂಕು ಕಂಡಿತ್ತಲ್ಲ" ಎಂದ. ಪಾಪ, ಸುಳ್ಳು ಹೇಳುತ್ತಿರಲಿಲ್ಲ ಅವನು.

"ನೀನು ನನ್ನ ಮುಖ ನೋಡಿದೆ ತಮ್ಮಾ. ಸ್ಕ್ರೀನ್ ನೋಡಲಿಲ್ಲ" ಎಂದರು ರಾವ್‌ಜಿ.

ಅವತ್ತು ಎಡಕ್ಕೆ ಡೊಂಕು, ಬಲಕ್ಕೆ ಡೊಂಕು ಎಂದು ವಾದ ಮಾಡಿದವರೆಲ್ಲ ನೆಲ ನೋಡಿದರು. ನನಗೆ ಮನಸ್ಸಿನಲ್ಲೇ ಸ್ವಲ್ಪ ಖುಷಿಯಾಯಿತು, ಯಾಕೆ ಮುಚ್ಚಿಡಲಿ. ವಿಘ್ನೇಶ್ ಒಳ್ಳೆಯವನು. ಆ ಗಳಿಗೆಯಲ್ಲೇ ಕಂಟ್ರಾಕ್ಟರನಿಗೆ ಫೋನು ಮಾಡಿದ. ಅವನು ಜಾಗ ತುಂಬಿದೆ ಎಂದು ಗೊಣಗಿದ. ಅಂಜಲೈ ಬರದಿದ್ದರೆ ಬೇರೆ ಕಂಟ್ರಾಕ್ಟರನನ್ನು ನೋಡಿಕೊಳ್ಳುತ್ತೇವೆ ಎಂದು ವಿಘ್ನೇಶ್ ದಬಾಯಿಸಿದ ಮೇಲೆ ದಾರಿಗೆ ಬಂದ. ಅವಳನ್ನು ಕರೆತರಲು ವಿಘ್ನೇಶ್ ತಾನೇ ಹೋದ. ಎಲ್ಲರ ಎದುರಿಗೆ ತಪ್ಪಾಯಿತು ಎಂದೂ ಹೇಳಿದ.

ರಾವ್‌ಜಿಯ ಆಪರೇಷನ್ ಆಯಿತು. ಆಮೇಲೆ ಬಹಳ ದಿನ ಅವರು ಬೋರಲು ಮಲಗಿಯೇ ಇರಬೇಕಾಗಿತ್ತು. ಕಣ್ಣೊಳಗೆ ತುಂಬಿದ ಗಾಳಿ ಆ ತೂತಿಗೆ ಒತ್ತಿ ನಿಲ್ಲಬೇಕಂತೆ. ನಾನು ನೋಡಲು ಹೋದಾಗ ಮಂಚದ ಅಂಚಿನಿಂದ ತಲೆ ಕೆಳಗೆ ಬಿಟ್ಟುಕೊಂಡು ನೆಲದ ಮೇಲಿಟ್ಟ ರೇಡಿಯೋ ಕೇಳುತ್ತಿದ್ದರು. "ಕೂಸಾಗಿದ್ದಾಗ ಇವ್ನು ಬೋರಲು ಬಿದ್ದ ಅಂತ ಬೀದಿಗೆಲ್ಲ ಸಿಹಿ ಹಂಚಿದ್ದೆ. ಈಗ ಇನ್ನೊಂದ್ಸಲ ಹಂಚ್ಬೇಕಾ ಅಂತ ಕೇಳ್ತಾ ಇದೀನಿ" ಎಂದರು ಅಂಬುಜಮ್ಮ. ರಾವ್‌ಜಿ ನೆಲಕ್ಕೆ ಮುಖ ಮಾಡಿಕೊಂಡೇ ನಕ್ಕರು.

ನೋಟ ಅಷ್ಟಿಷ್ಟು ಬಂತು, ಮೊದಲಿನಂತೆ ಬರಲಿಲ್ಲ. ಕಂಪನಿ ಅವರನ್ನು ಬಿಡಲಿಲ್ಲ. ಅಷ್ಟು ಹೆದರಿದ್ದು ದಂಡವಾಯಿತು. ಗಿರಾಕಿಗಳ ಕಡೆಗೆ ಹೋಗಿ ನೋಡುವ ಕೆಲಸ ನನಗೆ ಬಂತು. ಅವರು ಫೋನಿನಲ್ಲಿ ಕೇಳಿ ಹೇಳುತ್ತಿದ್ದರು. ಒಂದು ಮಾತ್ರ ಬದಲಾಯಿತು. ಆಯುಧಪೂಜೆಯ ಮರುದಿನ ಫೋನು ಬಂದರೂ ಪೂರ್ತಿ ಕೇಳದೆ ಇಂಥದೇ ಎಂದು ಹೇಳುತ್ತಿರಲಿಲ್ಲ. ಎದುರಿನವರಿಗೆ ಬೇಸರ ಬರುವಷ್ಟು ಕೇಳುತ್ತಿದ್ದರು.

ಅಂಜಲೈ ಕೆಲಸಕ್ಕೆ ಬಂದಳು. ಮೊದಲಿನ ಹಾಗೆ ಎಲ್ಲರಿಗಿಂತ ಮುಂಚೆ ಬರುತ್ತಿದ್ದಳು. ನೆಲ ಒರೆಸುತ್ತಿದ್ದಳು, ಕಿಟಕಿ ಒರೆಸುತ್ತಿದ್ದಳು, ಮೇಜಿನ ಕಾಲುಗಳನ್ನೂ ಬಿಡುತ್ತಿರಲಿಲ್ಲ. ಕಂಪ್ಯೂಟರುಗಳನ್ನು ಮಾತ್ರ ಮುಟ್ಟಲಿಲ್ಲ. ಯಾರದ್ದನ್ನೂ ಮುಟ್ಟಲಿಲ್ಲ. ವಿಘ್ನೇಶ್ ಒಂದೆರಡು ಸಲ ಹೇಳಿ ನೋಡಿ ಬಿಟ್ಟುಬಿಟ್ಟ. ಅಷ್ಟೂ ಪರದೆಗಳನ್ನು ದಿನಾ ಬೆಳಿಗ್ಗೆ ರಾವ್‌ಜಿ ತಾವೇ ಒರೆಸತೊಡಗಿದರು. ಅವರು ಒರೆಸುವಾಗ ಅವಳು ಆ ಕಡೆ ನೋಡುತ್ತಲೂ ಇರಲಿಲ್ಲ.

ಹೀಗೇ ಒಂದು ವರ್ಷ ನಡೆದದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಒಂದು ದಿನ ಅವಳನ್ನು ಟೀ ಕುಡಿಯಲು ಕರೆದುಕೊಂಡು ಹೋಗಿ ಕೇಳಿಯೇಬಿಟ್ಟೆ. ಆ ಮನುಷ್ಯ ನಿನ್ನ ಮನೆ ಬಾಗಿಲಿಗೆ ಬಂದು ಕೈ ಮುಗಿದರು, ಇಡೀ ಆಫೀಸಿನ ಮುಂದೆ ಒಪ್ಪಿಕೊಂಡರು, ಇನ್ನೂ ಎಷ್ಟು ದಿನ ಕೋಪ ಇಟ್ಟುಕೊಳ್ಳುತ್ತೀ ಅಕ್ಕಾ ಎಂದೆ.

ಅವಳು ನನ್ನನ್ನು ಆಶ್ಚರ್ಯದಿಂದ ನೋಡಿದಳು. "ರಾವ್‌ಜಿ ಮೇಲೆ ನನಗೆ ಯಾವ ಕೋಪಾನೂ ಇಲ್ಲಮ್ಮಾ. ಅವರು ದೊಡ್ಡ ಮನುಷ್ಯ. ತಮ್ಮ ಕಣ್ಣು ಕೆಟ್ಟಿದೆ ಅಂತ ಬಂದು ಹೇಳಿದರು" ಎಂದಳು. ಲೋಟದಲ್ಲಿ ಉಳಿದಿದ್ದ ಟೀ ಕುಡಿದು ಮುಗಿಸಿದಳು. "ನಾಳೆ ಇನ್ನೊಬ್ಬರ ಕಣ್ಣು ಕೆಟ್ಟರೆ, ಅವರೂ ಬಂದು ಹೇಳ್ತಾರಾ?"

ಟೀ ಅಂಗಡಿಯವನಿಗೆ ದುಡ್ಡು ಕೊಟ್ಟು ಇಬ್ಬರೂ ಆಫೀಸಿಗೆ ವಾಪಸು ನಡೆದೆವು.